ಹನ್ನೊಂದು ಸಲ ತೋರಿಸಿದ ಮುಖ

ನಾಲ್ಕು ಗಂಟೆಗೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಯಾರೂ ಬಾಗಿಲು ಬಡಿಯಬೇಕಿಲ್ಲ. ಫೋನಿನ ತೆರೆಯ ಮೇಲೆ ನಿಮ್ಮ ಏಳು ದಿನದ ವಿರಾಮ ಮುಗಿಯಿತು ಎಂಬ ಒಂದು ಸಾಲು, ಅದರ ಕೆಳಗೊಂದು ಹಸಿರು ಗುಂಡಿ, ಅಷ್ಟೇ. ಮೆರ್ಲಿಂದಾ ಹೊಲಿಗೆ ಮಿಷನ್ನಿನ ಮುಂದೆ ಕೂತು ಶಾಲೆಯ ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದಳು. ಹಿಡಿದ ನೆರಿಗೆ ಹಿಡಿದಂತೆ ನಿಲ್ಲುತ್ತಿರಲಿಲ್ಲ. ಫೋನು ಅಡುಗೆಮನೆಯ ಅಕ್ಕಿ ಡಬ್ಬಿಯ ತಳದಲ್ಲಿತ್ತು. ಬೆಳಿಗ್ಗೆ ಮಗಳು ಜೋವಿ ಶಾಲೆಗೆ ಹೋದ ಮೇಲೆ, ಮೊಳಕೈವರೆಗೆ ಅಕ್ಕಿಯೊಳಗೆ ಕೈಯಿಳಿಸಿ ಅದನ್ನು ಹೂತವಳು ಅವಳೇ. ಹೂತ ಮೇಲೆ ಅದು ದೂರವಾಗುವ ಬದಲು ಮನೆ ತುಂಬ ಹಬ್ಬಿಕೊಂಡಿತ್ತು. ತಗಡಿನ ಮಾಡು ಬಿಸಿಲಿಗೆ ಚಟಚಟ ಅನ್ನುವುದು, ಮುಂದಿನ ರಸ್ತೆಯಲ್ಲಿ ಜೀಪ್ನಿಗಳು ಮೊಲೊ ಇಗರ್ಜಿಯ ಕಡೆಗೆ ಹಾರ್ನು ಹಾಕುತ್ತ ಹೋಗುವುದು, ಮಿಷನ್ನಿನ ಗಾಲಿ ತಿರುಗುವುದು, ಎಲ್ಲವೂ ಅದೇ ಸದ್ದು. ಗಾಲಿ ತಿರುಗಿ ನಿಂತಾಗಲೆಲ್ಲ ಅವಳ ಕಣ್ಣು ಏನನ್ನೋ ಸಾಲಾಗಿ ಜೋಡಿಸಿ ನೋಡುತ್ತಿತ್ತು. ಬಿಳಿ ದಾರದ ಉಂಡೆ, ನೀಲಿ ದಾರದ ಉಂಡೆ, ಬಿಳಿ ದಾರದ ಉಂಡೆ. ಮಧ್ಯದ್ದೂ ಬಿಳಿಯಾಗಿದ್ದಿದ್ದರೆ ಗೆದ್ದಂತೆ, ಎಂದಿತು ಮನಸ್ಸು. ಛೀ ಎಂದುಕೊಂಡಳು. ಗಡಿಯಾರದಲ್ಲಿ ಒಂದೂಕಾಲು.

ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದಳು, ಆಲದ ಮರದೊಳಗೆ ಬೆಳ್ಳನೆಯ ಜನ ಇದ್ದಾರೆ, ತಮಾವೊ ಎಂದು ಅವರ ಹೆಸರು. ಅವರ ಮನೆಯಲ್ಲಿ ಹಗಲೂ ದೀಪ. ಒಳಗೆ ಹೋದವರಿಗೆ ಬಾಳೆಲೆ ತುಂಬ ಊಟ ಬಡಿಸುತ್ತಾರೆ, ಕಪ್ಪು ಅನ್ನ ಬಡಿಸುತ್ತಾರೆ. ಒಂದು ತುತ್ತು ಬಾಯಿಗಿಟ್ಟರೆ ಬಂದ ದಾರಿ ಮರೆತುಹೋಗುತ್ತದೆ. ಇಲ್ಲಿ ಮನೆಯವರು ಅಳುವುದಿಲ್ಲ, ಯಾಕೆಂದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಹುಡುಗಿ ಮಲಗುವ ಚಾಪೆಯ ಮೇಲೆ ಆ ಜನ ಒಂದು ಬಾಳೆ ದಿಂಡು ಮಲಗಿಸಿ ಹೋಗಿರುತ್ತಾರೆ, ನೋಡುವವರ ಕಣ್ಣಿಗೆ ಅದೇ ಹುಡುಗಿ. ಅದು ಏಳುತ್ತದೆ, ಕಸ ಗುಡಿಸುತ್ತದೆ, ಕರೆದರೆ ಹೂಂ ಅನ್ನುತ್ತದೆ. ಆಮೇಲೆ ನಿಧಾನವಾಗಿ ಒಳಗಿನಿಂದ ಕೊಳೆಯುತ್ತದೆ. ‘ಗುರುತು ಹಿಡಿಯೋದು ಹೇಗಜ್ಜೀ?’ ಎಂದು ಕೇಳಿದರೆ ಅಜ್ಜಿ, ‘ಚುಚ್ಚಿ ನೋಡ್ಬೇಕು ಮಗಾ, ನೀರು ಬರುತ್ತೆ, ರಕ್ತ ಬರಲ್ಲ’ ಎಂದಿದ್ದಳು. ಸೂಜಿ ಬೆರಳಿಗಿಳಿಯಿತು. ಮೆರ್ಲಿಂದಾ ಬೆರಳನ್ನು ಬಾಯಿಗಿಟ್ಟುಕೊಂಡಳು. ರಕ್ತದ ರುಚಿಯೇ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

“ಏನೇ ಮೆರ್ಲಿ, ಲಂಗ ಆಯ್ತಾ? ಇಲ್ಲ ನನ್ನ ಮಗಳು ಟವೆಲ್ ಸುತ್ಕೊಂಡು ಶಾಲೆಗೆ ಹೋಗ್ಬೇಕಾ?” ಬಾಗಿಲಲ್ಲಿ ಪಕ್ಕದ ಓಣಿಯ ಪೆರಿಂಗಕ್ಕ ನಿಂತಿದ್ದಳು, ಕೈಯಲ್ಲಿ ಬೀಸಣಿಗೆ, ಹೆಗಲ ಮೇಲೆ ಒದ್ದೆ ಕರವಸ್ತ್ರ.

“ನಾಳೆ ಬೆಳಿಗ್ಗೆ ಖಂಡಿತ ಕೊಡ್ತೀನಿ ಪೆರಿಂಗಕ್ಕ.”

“ಇದು ನಿನ್ನ ಮೂರನೇ ನಾಳೆ ಕಣೇ.” ಅವಳು ಒಳಗೆ ಬಂದು ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. “ಇದೇನಿದು, ಈ ಕಡೆ ಎಂಟು ನೆರಿಗೆ, ಆ ಕಡೆ ಆರು? ನನ್ನ ಮಗಳ ಸೊಂಟ ಸೊಟ್ಟ ಇದೆ ಅಂತ ಯಾರು ಹೇಳಿದ್ರು ನಿಂಗೆ?”

“ಬಿಚ್ಚಿ ಸರಿ ಮಾಡ್ತೀನಿ.”

“ಮಾಡು, ಮಾಡು. ಗಂಡ ಹಡಗಲ್ಲಿ ಡಾಲರ್ ಎಣಿಸ್ತಾನೆ, ನಿಂಗೆ ನಮ್ಮ ಲಂಗ ಯಾಕೆ ನೆನಪಿರುತ್ತೆ.” ಹೋಗುವ ಮುನ್ನ ಅವಳು ಬಗ್ಗಿ ಮೆರ್ಲಿಂದಾಳ ಕಣ್ಣನ್ನೇ ನೋಡಿದಳು. “ಇದೇನು ಕಣ್ಣೋ, ಸಂಜೆ ಸಂತೆಯ ಮೀನಿನದೋ? ನಿದ್ದೆ ಮಾಡ್ತೀಯೋ ಇಲ್ವೋ?” ಎಂದು ನಕ್ಕು, ಬೀಸಣಿಗೆ ಆಡಿಸುತ್ತ ಇಳಿದು ಹೋದಳು. ಡಾಲರ್ ಎಂಬ ಮಾತು ಹೋಗಲಿಲ್ಲ. ಕೋಣೆಯಲ್ಲೇ ಉಳಿದು, ಬಿಚ್ಚಿದ ದಾರದ ಜೊತೆ ನೆಲದ ಮೇಲೆ ಬಿದ್ದುಕೊಂಡಿತ್ತು. ಮೆರ್ಲಿಂದಾ ಎಂಟೂ ನೆರಿಗೆ ಬಿಚ್ಚಿದಳು, ಆಮೇಲೆ ಸರಿಯಿದ್ದ ಆರನ್ನೂ ಬಿಚ್ಚಿದಳು.

ಬೀಗಗಳೆಲ್ಲ ಅವಳಿಗೆ ಬಾಯಿಪಾಠ. ಫೋನಿನ ಜೂಜಾಟದ ಪುಟದ ಮೂಲೆಯಲ್ಲಿ ಪುಟ್ಟದೊಂದು ಗುರಾಣಿಯ ಚಿತ್ರ, ಅದನ್ನು ಒತ್ತಿದರೆ ಜವಾಬ್ದಾರಿಯ ಆಟ ಎಂಬ ಕೋಣೆ. ದಿನಕ್ಕೆ ಇಷ್ಟೇ ಹಣ ಹಾಕುತ್ತೇನೆ ಎಂಬ ಮಿತಿ. ಇಷ್ಟೇ ಹೊತ್ತು ಕೂರುತ್ತೇನೆ ಎಂಬ ಮಿತಿ. ನೀವು ಅರ್ಧ ಗಂಟೆಯಿಂದ ಆಡುತ್ತಿದ್ದೀರಿ, ಮುಂದುವರಿಸುವಿರಾ, ಎಂದು ಕೇಳುವ ಒಂದು ಚೌಕ. ಮೊದಮೊದಲು ಅದು ಬಂದಾಗಲೆಲ್ಲ ಶಾಲೆಯ ಸಿಸ್ಟರ್ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟಂತಾಗಿ ನಾಚಿ ಎದ್ದುಬಿಡುತ್ತಿದ್ದಳು. ಬರಬರುತ್ತ ಹೆಬ್ಬೆರಳು ಅದನ್ನು ಓದದೆಯೇ ಹೂಂ ಎಂದು ಒತ್ತುವುದನ್ನು ಕಲಿಯಿತು. ಮಿತಿ ಇಳಿಸಿದರೆ ಆ ಕ್ಷಣದಿಂದಲೇ ಜಾರಿ. ಏರಿಸಬೇಕೆಂದರೆ ಇಪ್ಪತ್ನಾಲ್ಕು ಗಂಟೆ ಕಾಯಬೇಕು, ಮತ್ತೆ ಮುಖ ತೋರಿಸಬೇಕು. ಮನುಷ್ಯರ ಮನಸ್ಸು ಬಲ್ಲ ಯಾರೋ ಕೂತು ಯೋಚಿಸಿ ಮಾಡಿದ್ದು ಅದು. ಅಷ್ಟರೊಳಗೆ ಬುದ್ಧಿ ಬರಲಿ ಎಂದು. ಒಮ್ಮೆ ಬಂದಿತ್ತು ಕೂಡ. ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಆ ಕೋಣೆಯ ಕಡೆಯ ಸಾಲಿಗೆ ಇಳಿದು, ನನ್ನನ್ನು ಐದು ವರ್ಷ ಒಳಗೆ ಬಿಡಬೇಡಿ ಎಂದು ಒತ್ತಿ, ತನ್ನ ಮುಖವನ್ನೇ ತೋರಿಸಿ ಬೀಗ ಹಾಕಿಕೊಂಡಿದ್ದಳು. ಎಲ್ಲ ಪರವಾನಗಿಯ ಆಟಗಳಿಗೂ ಒಂದೇ ಬೀಗ, ಮಧ್ಯೆ ತೆಗೆಯುವಂತಿಲ್ಲ. ಅವತ್ತು ಯಾರಿಗೂ ಹೇಳದೆ ಲಾ ಪಾಜ್ ಮಾರುಕಟ್ಟೆಗೆ ಹೋಗಿ ಒಬ್ಬಳೇ ಒಂದು ಬೋಗುಣಿ ಬಾಚೊಯ್ ತಿಂದಳು; ನೂಡಲ್ಸಿನ ಮೇಲಿನ ಆವಿ ಮುಖಕ್ಕೆ ಹೊಡೆದು ಕಣ್ಣೀರು ಬಂದರೆ ಯಾರೂ ಏನೂ ಕೇಳುವುದಿಲ್ಲ ಎಂದು. ಇಪ್ಪತ್ತೆರಡು ದಿನ ನಡೆಯಿತು. ಇಪ್ಪತ್ಮೂರನೆಯ ದಿನ ಅತ್ತೆಯ ಹಿರಿಯ ನಾಗರಿಕರ ಗುರುತಿನ ಚೀಟಿಯನ್ನು ಬೀರುವಿನಿಂದ ತೆಗೆದಳು, ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆಯಲು.

ಚೀಟಿಯೊಂದೇ ಸಾಲದು, ಜೀವಂತ ಮುಖ ಬೇಕು. ಫೋನಿನ ತೆರೆಯ ಮೇಲೆ ಮೊಟ್ಟೆಯಾಕಾರದ ಒಂದು ಗೆರೆ ಬರುತ್ತದೆ, ಮುಖ ಅದರೊಳಗೆ ಕೂರಬೇಕು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ. “ನಾನಾಯ್, ಇನ್ಮೇಲೆ ಪಿಂಚಣಿ ಫೋನಿಗೇ ಬರುತ್ತಂತೆ, ಒಂಚೂರು ಮುಖ ತೋರಿಸ್ಬೇಕಂತೆ” ಎಂದು ಅತ್ತೆಗೆ ಹೇಳಿದ್ದಳು; ನಾನಾಯ್ ಎಂದರೆ ಅಮ್ಮ. ಕೊನ್ಸಿಂಗ್ ಮುದುಕಿ ಮೂವತ್ತು ವರ್ಷ ಲಾ ಪಾಜ್‌ನಲ್ಲಿ ಬಾಚೊಯ್ ಮಾರಿದವಳು, ಗಿರಾಕಿಯ ಜೇಬನ್ನು ಅವನ ನಡಿಗೆಯಲ್ಲೇ ಅಳೆಯಬಲ್ಲವಳು; ಫೋನಿನ ವಿಷಯದಲ್ಲಿ ಮಾತ್ರ ಅವಳಿಗೆ ಗೊತ್ತಿದ್ದದ್ದು ಒಂದೇ. ಈ ಓಣಿಯಲ್ಲಿ ಮನೆಗೊಬ್ಬ ಗಂಡಸು ಹಡಗಿನಲ್ಲಿದ್ದಾನೆ. ಯಾರಾದರೂ ಮುದುಕಿಯೊಬ್ಬಳ ಮುಖಕ್ಕೆ ಫೋನು ಹಿಡಿದರೆಂದರೆ ಆಚೆ ಬದಿಗೆ ಅವಳ ಮಗ ಇದ್ದಾನೆ ಎಂದೇ ಅರ್ಥ. ಅವಳು ಎದ್ದು ತಲೆ ಬಾಚಿಕೊಂಡಳು, ಕೆನ್ನೆಗೆ ಪೌಡರು ತಟ್ಟಿಕೊಂಡಳು, ಬಂದು ಕೂತು, ಆ ಗೆರೆಯೊಳಗೆ ನಕ್ಕಳು. “ತೋತೊ ನೋಡ್ತಿದಾನಾ?” ಎಂದಳು. ಮಗನನ್ನು ಅವಳು ಕರೆಯುವುದು ತೋತೊ ಎಂದೇ, ಅವನ ತಲೆ ಅರ್ಧ ನರೆತಿದ್ದರೂ. ಮೆರ್ಲಿಂದಾ ಹೂಂ ಎಂದಳು. ಆ ಹೂಂ ಅವಳ ಬಾಯಿಂದ ಬಂದದ್ದೋ, ಚಾಪೆಯ ಮೇಲಿನ ಬಾಳೆ ದಿಂಡಿನ ಬಾಯಿಂದ ಬಂದದ್ದೋ. “ಅವನು ಕಾಣ್ತಿಲ್ವಲ್ಲೇ?” “ಹಡಗಲ್ಲಿ ನೆಟ್ ಸಾಲಲ್ಲ ನಾನಾಯ್. ನೀವು ಅವರಿಗೆ ಕಾಣ್ತೀರಿ, ಅವರು ನಿಮಗೆ ಕಾಣಲ್ಲ.” ಯಾರೂ ಕೇಳದೆಯೇ ಆ ಎರಡನೆಯ ಮಾತು ಎಷ್ಟು ನುಣ್ಣಗೆ ಜಾರಿ ಬಂತು. ಆಮೇಲೆ ಮಿತಿ ಏರಿಸಿದಾಗಲೆಲ್ಲ ಮುಖ, ಗೆದ್ದದ್ದನ್ನು ಹೊರಗೆ ತೆಗೆದ ಎರಡು ಸಲವೂ ಮುಖ. ಹನ್ನೊಂದು ಸಲ. ಹನ್ನೊಂದು ಸಲವೂ ಪೌಡರು. ಒಂದು ಸಲ ಮುದುಕಿ ಹಬ್ಬದ ರವಿಕೆ ಹಾಕಿಕೊಂಡು ಕೂತಿದ್ದಳು. ಆ ತಿಂಗಳು ಹಡಗು ಯಾವುದೋ ಬಂದರಿಗೆ ಬಂದಾಗ ಗಂಡ ಎಲ್ಪಿಡಿಯೊ ನಿಜವಾಗಿ ಫೋನು ಮಾಡಿದ. ಎರಡು ನಿಮಿಷ, ಬರೀ ದನಿ. “ನನ್ನ ಹೊಸ ರವಿಕೆ ನೋಡಿದ್ಯಾ ತೋತೊ?” ಎಂದು ಅವಳು ಕೇಳಿದಾಗ ಮೆರ್ಲಿಂದಾ ಪಕ್ಕದಲ್ಲೇ ಕೂತಿದ್ದಳು. ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಹಿಂದೆ ಯಾರೋ ಅವನನ್ನು ಕೂಗುತ್ತಿದ್ದರು. “ಚೆನ್ನಾಗಿತ್ತು ನಾನಾಯ್, ಚೆನ್ನಾಗಿತ್ತು” ಎಂದಿದ್ದ.

ಎರಡೂ ಮುಕ್ಕಾಲಿಗೆ ಅವಳು ಅಕ್ಕಿಯೊಳಗೆ ಕೈಯಿಳಿಸಿದಳು. ಬೀಗ ಹಾಕಲೆಂದೇ ತೆಗೆಯುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಂಡಳು, ಕೇಳುವವರು ಯಾರೂ ಇಲ್ಲದಿದ್ದರೂ. ಕಳೆದ ಬುಧವಾರ ಏಳು ದಿನದ ವಿರಾಮ ಒತ್ತಿದ್ದು ಮುಖ ಬೇಡವೆಂಬ ಕಾರಣಕ್ಕೆ. ಸಣ್ಣ ಬೀಗಕ್ಕೆ ಬೆರಳು ಸಾಕು, ದೊಡ್ಡ ಬೀಗಕ್ಕೆ ಮುಖ ಬೇಕು. ಗುರಾಣಿಯ ಕೋಣೆಯಲ್ಲಿ ಸಹಾಯ ಎಂಬಲ್ಲಿ ಒತ್ತಿದಳು. ನಮಸ್ಕಾರ ಕೊನ್ಸೊಲಾಸಿಯೊನ್, ಇವತ್ತು ನಿಮಗೆ ಹೇಗೆ ನೆರವಾಗಲಿ, ಎಂದು ಅತ್ತೆಯ ಚೀಟಿಯಲ್ಲಿದ್ದ ಪೂರ್ತಿ ಹೆಸರಿಗೆ ಬಂತು. ಖಾತೆಯನ್ನು ಶಾಶ್ವತವಾಗಿ ಮುಚ್ಚಿ, ಮುಖ ಕೇಳಬೇಡಿ, ಎಂದು ಬರೆದಳು. ನಿಮ್ಮ ನಿರ್ಧಾರಕ್ಕೆ ಅಭಿನಂದನೆ, ನಿಮ್ಮದೇ ಸುರಕ್ಷತೆಗಾಗಿ ಮುಖ ಅಗತ್ಯ, ಎಂದು ಉತ್ತರ. ಸ್ವಲ್ಪ ಹೊತ್ತಿನ ಮೇಲೆ, ಖಾತೆ ನಿಮ್ಮದೇ ಅಲ್ಲವೇ? ಆ ಪ್ರಶ್ನೆ ತೆರೆಯ ಮೇಲೆ ಸುಮ್ಮನೆ ನಿಂತಿತ್ತು, ಮರ್ಯಾದೆಯಿಂದ, ಉತ್ತರಕ್ಕೆ ಆತುರವಿಲ್ಲದೆ. ಅಲ್ಲ ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದಳು. ಅಲ್ಲ ಎಂದರೆ ಯಾವುದೋ ಕಚೇರಿಯಲ್ಲಿ ಮುದುಕಿಯ ಹೆಸರು ಯಾರೋ ಕೆಂಪು ಶಾಯಿಯಲ್ಲಿ ಬರೆದಾರು, ಪೊಲೀಸರು ಬಂದಾರು, ಎಲ್ಪಿಡಿಯೊಗೆ ಗೊತ್ತಾದೀತು. ಅಥವಾ ಭಯ ಅದಲ್ಲವೇನೋ. ಒಂದೇ ಮಾತಿಗೆ ಬಾಗಿಲು ನಿಜವಾಗಿ ಮುಚ್ಚಿಹೋದೀತು ಎಂಬುದೇ ಭಯವೇನೋ. ಎರಡು ಭಯಕ್ಕೂ ಒಂದೇ ಮುಖವಿತ್ತು, ಯಾವುದು ಯಾವುದೆಂದು ತಿಳಿಯಲಿಲ್ಲ. ಹೌದು ಎಂದು ಒತ್ತಿದಳು. ಹಾಗಾದರೆ ಎರಡೇ ನಿಮಿಷದ ಕೆಲಸ, ಎಂದು ಬಂತು, ಜೊತೆಗೊಂದು ನಗುವ ಹಳದಿ ಗುಂಡು.

ಸರಿ, ಹನ್ನೆರಡನೆಯ ಸಲ, ಕೊನೆಯ ಸಲ. ಹನ್ನೊಂದು ಸುಳ್ಳು ಬಾಗಿಲು ತೆರೆಯಲು; ಇದೊಂದು ಮುಚ್ಚಲು. ಇದನ್ನು ಸುಳ್ಳು ಎನ್ನಲಾಗುವುದಿಲ್ಲ ಎಂದುಕೊಂಡು ಹಿಂದಿನ ಕೋಣೆಗೆ ಹೋದಳು. ಕೊನ್ಸಿಂಗ್ ಮುದುಕಿ ಕಿಟಕಿಯ ಬದಿಯ ಬೆತ್ತದ ಕುರ್ಚಿಯಲ್ಲಿ ಕೂತು ಊದಿದ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಫೋನು ನೋಡಿದೊಡನೆ ಕೈ ನಿಲ್ಲಿಸಿದಳು.

“ನಾನಾಯ್, ಒಂದ್ನಿಮಿಷ ಮುಖ…”

“ಇವತ್ತು ಬೇಡ.”

“ಒಂದೇ ನಿಮಿಷ ನಾನಾಯ್.”

“ಬೇಡ ಅಂದ್ನಲ್ಲ ಮಗಳೇ. ಅವನ ಮೇಲೆ ಸಿಟ್ಟಿದೆ ನಂಗೆ.” ಅವಳು ಎಣ್ಣೆಯ ಕೈಯನ್ನೇ ಅಡ್ಡ ಹಿಡಿದಳು. “ಊಟ ಆಯ್ತಾ ಅಂತೀನಿ, ಮಾತಿಲ್ಲ. ಬೆನ್ನುನೋವು ಹೇಗಿದೆ ಅಂತೀನಿ, ಮಾತಿಲ್ಲ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ನೀನು ಹೇಳೋದು, ನಾನು ತಿರುಗೋದು. ನಾನೇನು ಸಂತೆಗೆ ತಂದ ಹಂದೀನಾ, ಆ ಕಡೆ ಈ ಕಡೆ ತಿರುಗಿಸಿ ನೋಡೋಕೆ? ತಾಯಿಮುಖ ಕಣೇ ಇದು. ಹೋಗು, ಬೆನ್ನು ತೋರಿಸ್ತಿದಾಳೆ ಅಂತ ಹೇಳು ಅವನಿಗೆ.” ಹೇಳಿದಂತೆಯೇ ಕುರ್ಚಿಯಲ್ಲಿ ಒದ್ದಾಡಿ ಗೋಡೆಯ ಕಡೆ ತಿರುಗಿ ಕೂತಳು.

“ಅವರಿಗೆ ಬೇಜಾರಾಗುತ್ತೆ ನಾನಾಯ್.”

“ಆಗ್ಲಿ. ಸಮುದ್ರ ಇದೆ ಅಲ್ಲಿ, ಅತ್ಕೊಳ್ಳೋಕೆ ಜಾಗ ಬೇಕಾದಷ್ಟಿದೆ.”

ಮೂರೂ ಇಪ್ಪತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಮುದುಕಿಯ ಬೆನ್ನನ್ನು ನೋಡಿದಳು, ಬಿಳಿ ಕೂದಲಿನ ಸಣ್ಣ ಗಂಟು, ಅದರ ಕೆಳಗೆ ಬೆವರಿದ ಕತ್ತು. ಇಷ್ಟರಲ್ಲಿ ತೂಕಡಿಸುತ್ತಾಳೆ, ದಿನವೂ ಈ ಹೊತ್ತಿಗೆ ತೂಕಡಿಸುತ್ತಾಳೆ. ಆಗ ಮೆಲ್ಲಗೆ ಗಲ್ಲ ಹಿಡಿದು ಎಡಕ್ಕೆ, ಬಲಕ್ಕೆ. ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ. ಆ ಯೋಚನೆ ಪೂರ್ತಿಯಾಗಿ ಬಂತು, ಬೆರಳಿಗೆ ರೆಪ್ಪೆಯ ಮೆತ್ತನೆಯ ಸ್ಪರ್ಶವೂ ಬಂತು. ಅಜ್ಜಿ ಸತ್ತಾಗ ಹಾಗೆಯೇ ರೆಪ್ಪೆ ಮುಚ್ಚಿದ್ದು ತಾನೇ ಅಲ್ಲವೇ, ಹನ್ನೆರಡು ವರ್ಷದವಳು, ಯಾರೂ ಮುಂದೆ ಬರದಿದ್ದಾಗ. ಎಲ್ಲರೂ ಧೈರ್ಯದ ಹುಡುಗಿ ಎಂದಿದ್ದರು. ಅವಳು ಅಡುಗೆಮನೆಗೆ ಓಡಿ ತಣ್ಣೀರು ಕುಡಿದಳು. ಆಗ, ಲೋಟ ಬಾಯಿಯಲ್ಲಿರುವಾಗಲೇ, ಒಂದು ಸಿಹಿ ಹೊಟ್ಟೆಯಿಂದೆದ್ದು ಬಂತು. ಪ್ರಯತ್ನ ಮಾಡಿದೆ ತಾನೇ, ಎಂದಿತು ಅದು. ಬೀಗ ಹಾಕಲು ಹೋದೆ, ಮುದುಕಿಯೇ ಒಲ್ಲೆ ಅಂದಳು, ನಿನ್ನ ತಪ್ಪೇನಿದೆ. ನಾಲ್ಕು ಗಂಟೆಗೆ ಸುಮ್ಮನೆ ನೋಡು. ಆಡಬೇಡ, ನೋಡು. ನಾಳೆ ಮುದುಕಿಯ ಸಿಟ್ಟಿಳಿಯುತ್ತದೆ, ನಾಳೆ ಹಾಕಿದರಾಯಿತು. ಮೈಯೆಲ್ಲ ಹಗುರವಾಯಿತು, ಬೆರಳ ತುದಿಗಳು ಬೆಚ್ಚಗಾದವು, ಏಳು ದಿನದಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು. ಎಷ್ಟು ಸಂತೋಷವಾಗಿಬಿಟ್ಟಿತು ಎಂದರೆ ಅವಳಿಗೆ ಆ ಸಂತೋಷವೇ ಹೆದರಿಕೆ ಹುಟ್ಟಿಸಿತು. ಕಪ್ಪು ಅನ್ನ ಹೀಗೇ ರುಚಿಯಿರುತ್ತದೆ. ಗಡಿಯಾರದಲ್ಲಿ ಮೂರೂ ಮೂವತ್ತಾರು. ಅವಳು ಲೋಟವನ್ನು ಕೆಳಗಿಡುವುದನ್ನೂ ಮರೆತು ಹಿಂದಿನ ಕೋಣೆಗೆ ಹೋದಳು.

“ನಾನಾಯ್, ಇದ್ರಲ್ಲಿ ತೋತೊ ಇಲ್ಲ.”

ಬೆನ್ನು ಅಲುಗಲಿಲ್ಲ. “ಇವತ್ತಿಲ್ವಾ?”

“ಯಾವತ್ತೂ ಇರ್ಲಿಲ್ಲ.”

ಹೊರಗೆ ಒಂದು ಜೀಪ್ನಿ ನಿಂತಿತು, ಯಾರೋ ಇಳಿದರು, ಮತ್ತೆ ಹೊರಟಿತು. ಮೆರ್ಲಿಂದಾ ಹೇಳುತ್ತಲೇ ಹೋದಳು, ನಿಂತರೆ ಮತ್ತೆ ಬಾಯಿ ತೆರೆಯಲಾರೆನೆಂದು. ಇದು ಜೂಜಿನ ಮನೆ, ಫೋನಿನೊಳಗೇ ಇರೋದು, ನನ್ನ ಹೆಸರಿಗೆ ನಾನೇ ಬೀಗ ಹಾಕಿಸ್ಕೊಂಡೆ, ಆಮೇಲೆ ತಡೆಯಕ್ಕಾಗ್ಲಿಲ್ಲ, ನಿಮ್ಮ ಹೆಸರಲ್ಲಿ ಹೋದೆ, ಅದಕ್ಕೆ ನಿಮ್ಮ ಮುಖ ಬೇಕಿತ್ತು, ಪಿಂಚಣಿಗಲ್ಲ, ಅವರಿಗೂ ಅಲ್ಲ. ನಾಲ್ಕು ಗಂಟೆಗೆ ಮತ್ತೆ ತೆರ್ಕೊಳ್ಳುತ್ತೆ. ಅಷ್ಟರೊಳಗೆ ಶಾಶ್ವತವಾಗಿ ಮುಚ್ಚಿಸ್ಬೇಕು, ಅದಕ್ಕೂ ನಿಮ್ಮ ಮುಖ ಬೇಕು. ಮುದುಕಿ ನಿಧಾನವಾಗಿ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡಳು ಮೆರ್ಲಿಂದಾ, ಹೊಡೆದರೆ ಚೆನ್ನ ಎಂದುಕೊಂಡಳು.

“ಮತ್ತೆ ಇಷ್ಟು ದಿನ ನಾನು ಊಟ ಆಯ್ತಾ ಅಂತ ಕೇಳಿದ್ದು ಯಾರನ್ನ?”

“ಯಾರನ್ನೂ ಅಲ್ಲ ನಾನಾಯ್.”

“ಮಂಡಿ ನೋವು ಅಂತ ಒಂದು ದಿನ ಮುಖ ಕಿವುಚಲಿಲ್ಲ ಕಣೇ ನಾನು. ಅವನು ನೋಡಿ ನೊಂದ್ಕೋತಾನೆ ಅಂತ ಹಲ್ಲು ಕಚ್ಕೊಂಡು ನಕ್ಕೆ. ಆ ನಗು ಎಲ್ಲಾ ಎಲ್ಲಿಗೆ ಹೋಯ್ತು?”

ಹಣ ಎಷ್ಟು ಹೋಯಿತು ಎಂದು ಕೇಳಬಹುದೆಂದು ಮೆರ್ಲಿಂದಾ ಏಳು ದಿನದಿಂದ ಒಂದು ಉತ್ತರ ಸಿದ್ಧಮಾಡಿಕೊಂಡಿದ್ದಳು. ಮುದುಕಿ ಅದನ್ನು ಕೇಳಲೇ ಇಲ್ಲ. ಕುರ್ಚಿಯ ಕೈ ಹಿಡಿದು, ಎದ್ದು ನಿಂತು, ಮಂಡಿ ನೆಟ್ಟಗಾಗುವವರೆಗೆ ಕಾದು, “ಏನು ಬರ್ದಿದೆ ಅದ್ರಲ್ಲಿ? ಓದು” ಎಂದಳು.

“ಎಷ್ಟು ಕಾಲ ನಿಷೇಧ ಅಂತ ಕೇಳುತ್ತೆ. ಆರು ತಿಂಗಳು, ಒಂದು ವರ್ಷ, ಐದು ವರ್ಷ, ಶಾಶ್ವತ.”

“ಐದು ವರ್ಷ ಆದ್ಮೇಲೆ ಎಂಬತ್ನಾಕಕ್ಕೆ ನಾನು ಮತ್ತೆ ಜೂಜಿಗೆ ಹೋಗ್ಬೇಕಾ? ಕೊನೇದು ಒತ್ತು. ಆಮೇಲೆ?”

“ಕಾರಣ ಕೇಳುತ್ತೆ.” ಮೆರ್ಲಿಂದಾಳ ದನಿ ಇಳಿಯಿತು. “ನನ್ನ ಆಟವನ್ನು ನಾನು ತಡೆಯಲಾರೆ ಅಂತ ಇದೆ. ಅದನ್ನೇ ಒತ್ಬೇಕು.”

“ಯಾರು ತಡೆಯಲಾರರು?”

“ಇಲ್ಲಿ ನಿಮ್ಮ ಹೆಸರು…”

“ಹೆಸರು ಅಲ್ಲೇ ಇರ್ಲಿ. ಬಾಯಲ್ಲಿ ಹೇಳು. ಯಾರು?”

“ನಾನು.”

“ನಾನು ಅಂದ್ರೆ?”

“ಮೆರ್ಲಿಂದಾ. ಮೆರ್ಲಿಂದಾ ತಡೆಯಲಾರಳು.” ಹೇಳಿದ ಮೇಲೆ ಲೋಟ ಇನ್ನೂ ಕೈಯಲ್ಲಿರುವುದು ಗೊತ್ತಾಯಿತು, ನೀರು ಅಂಗೈ ತುಂಬ ಚೆಲ್ಲಿತ್ತು.

“ಹ್ಞಾ, ಒತ್ತು” ಎಂದಳು ಮುದುಕಿ. ಪೌಡರಿನ ಡಬ್ಬಿಯ ಕಡೆ ನೋಡಲಿಲ್ಲ. ತೆರೆಯ ಮೇಲೆ ಗೆರೆ ಬಂತು, ಅದರೊಳಗೆ ಎಣ್ಣೆಗಪ್ಪಿನ, ನಗುವಿಲ್ಲದ, ಗುರುತೇ ಸಿಗದಂಥ ಮುಖ ಬಂತು. ಬೆಳಕು ಸಾಲದು, ಎಂದಿತು ಫೋನು. ಕಿಟಕಿಯ ಹತ್ತಿರ ಹೋದರು. ಬೆಳಕು ಸಾಲದು. ಮೂರೂ ನಲವತ್ತೊಂಬತ್ತು. ಮೆರ್ಲಿಂದಾ ಮುದುಕಿಯ ತೋಳು ಹಿಡಿದು ಮುಂಬಾಗಿಲಿಗೆ ಬಂದಳು, ಬಾಗಿಲಿಂದ ಮೆಟ್ಟಿಲಿಗೆ, ಒಂದೊಂದು ಮೆಟ್ಟಿಲಿಗೂ ಮುದುಕಿ ಉಸಿರೆಳೆದುಕೊಳ್ಳುತ್ತಿದ್ದಳು, ಹಲ್ಲು ಕಚ್ಚದೆ, ಈಗ ಬಾಯಿಬಿಟ್ಟೇ ಅಯ್ಯೋ ಅನ್ನುತ್ತಿದ್ದಳು. ಬೀದಿಯ ಬಿಸಿಲಿನಲ್ಲಿ ನಿಂತರು. ಎದುರಿನ ಅಂಗಡಿಯ ಬೆಂಚಿನ ಮೇಲೆ ಬೀಸಣಿಗೆ ಆಡಿಸುತ್ತ ಕೂತಿದ್ದ ಪೆರಿಂಗಕ್ಕ ಕತ್ತು ಚಾಚಿದಳು.

“ಏನ್ ನಾನಾಯ್, ರಾಜಕುಮಾರನ ಫೋನಾ? ನಾನೂ ಕೇಳ್ದೆ ಅಂತ ಹೇಳಿ. ಚಾಕಲೇಟ್ ತರೋಕೆ ಹೇಳಿ!”

“ಮಗನಲ್ಲ ಕಣೇ” ಎಂದಳು ಕೊನ್ಸಿಂಗ್ ಮುದುಕಿ, ಫೋನಿನಿಂದ ಕಣ್ಣು ತೆಗೆಯದೆ, ಇಡೀ ಓಣಿಗೆ ಕೇಳುವ ಮಾರುಕಟ್ಟೆಯ ದನಿಯಲ್ಲಿ. “ಜೂಜು ಬಿಡ್ತಿದೀನಿ.”

ಬೆಂಚಿನ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕರು. “ಅಯ್ಯಯ್ಯೋ, ಯಾವಾಗ ಹಿಡ್ಕೊಂಡ್ರಿ ಬಿಡೋಕೆ?” “ಈ ವಯಸ್ಸಲ್ಲಿ ಏನ್ ಆಟ ನಾನಾಯ್, ನಮಗೂ ಕಲಿಸಿ!” ಮೆರ್ಲಿಂದಾಳಿಗೆ ಬಿಸಿಲೆಲ್ಲ ಕಿವಿಯೊಳಗೆ ಸುರಿದಂತಾಯಿತು. ಆ ನಗು ತನ್ನ ಮೇಲೆ ಸುರಿಯಬೇಕಿತ್ತು, ತನ್ನನ್ನು ದಾಟಿ ಮುದುಕಿಯ ತಲೆಯ ಮೇಲೆ ಬೀಳುತ್ತಿತ್ತು, ಮುದುಕಿ ಮಳೆಗೆ ತೊಯ್ಯುವಂತೆ ನೆಟ್ಟಗೆ ನಿಂತಿದ್ದಳು. ಎಡಕ್ಕೆ ತಿರುಗಿದಳು. ಬಲಕ್ಕೆ ತಿರುಗಿದಳು. ಕಣ್ಣು ಮಿಟುಕಿಸಿದಳು, ಒಂದು ಹನಿ ಇಳಿದು ಮೂಗಿನ ಪಕ್ಕದ ಸುಕ್ಕಿನಲ್ಲಿ ನಿಂತಿತು. ಫೋನು ಯೋಚಿಸಿತು. ತುಂಬ ಹೊತ್ತು ಯೋಚಿಸಿತು. ಆಮೇಲೆ ಹಸಿರು ಗುರುತು ಬಂತು. ಕೊನ್ಸೊಲಾಸಿಯೊನ್, ನಿಮ್ಮ ನಿಷೇಧ ಶಾಶ್ವತವಾಗಿ ಜಾರಿಯಾಗಿದೆ, ಇದನ್ನು ಹಿಂದಕ್ಕೆ ಪಡೆಯಲಾಗದು. ಮೂರೂ ಐವತ್ನಾಲ್ಕು.

ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಬಿಡುಗಡೆಯೊಂದು ಬರುತ್ತದೆ ಎಂದು ಅವಳು ಕಾದಳು, ಫೆಬ್ರವರಿಯಲ್ಲಿ ಬಂದಂತೆ, ಆವಿಯಂತೆ, ಕಣ್ಣೀರಿನಂತೆ. ಬರಲಿಲ್ಲ. ಬಂದದ್ದು ಮೈಮುರಿದುಹೋದಂಥ ಸುಸ್ತು, ಮತ್ತು ಅದರ ಕೆಳಗೆ ಎಲ್ಲೋ ಇನ್ನೂ ತಿರುಗುತ್ತಿರುವ ಸಣ್ಣದೊಂದು ಗಾಲಿ. ನಾಲ್ಕು ಹೊಡೆದು ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಜೋವಿ ಕಾಣಿಸಿದಳು, ಒಂದು ಹೆಗಲಿಗೆ ಚೀಲ, ಕೈಯಲ್ಲಿ ಕಡ್ಡಿಗೆ ಚುಚ್ಚಿ ಸಕ್ಕರೆಯಲ್ಲಿ ಕರಿದ ಬಾಳೆಹಣ್ಣು, ಗಲ್ಲದ ಮೇಲೆ ಪಾಕ. ಬಿಸಿಲು ಅವಳ ಮುಖಕ್ಕೆ ನೇರ ಬೀಳುತ್ತಿತ್ತು. ಒಳ್ಳೆಯ ಬೆಳಕು, ಎಂದುಕೊಂಡಳು ಮೆರ್ಲಿಂದಾ. ಅಗಲ ಹಣೆ, ಎರಡೂ ಕಣ್ಣು ಸ್ಪಷ್ಟ, ಒಂದೇ ಸಲಕ್ಕೆ ಹಿಡಿಯುತ್ತದೆ. ಇಪ್ಪತ್ತೊಂದು ತುಂಬಿದವರ ಮುಖ ಮಾತ್ರ ನಡೆಯುತ್ತದೆ. ಇವಳಿಗೆ ಹದಿನೈದು. ಇನ್ನು ಆರು ವರ್ಷ. ಲೆಕ್ಕ ಮುಗಿದ ಮೇಲೆ, ತಾನು ಲೆಕ್ಕ ಹಾಕಿದೆ ಎಂಬುದು ಅವಳಿಗೆ ತಿಳಿಯಿತು.

“ಏನ್ ಮಾ? ಏನ್ ಹಾಗೆ ನೋಡ್ತಿದೀಯ? ಮುಖಕ್ಕೆ ಏನಾದ್ರೂ ಅಂಟಿದ್ಯಾ?” ಜೋವಿ ಗಲ್ಲ ಒರೆಸಿಕೊಂಡಳು.

ಮೆರ್ಲಿಂದಾ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಲ್ಲೇ ಪಕ್ಕಕ್ಕೆ ಬಗ್ಗಿ ಅತ್ತೆಯ ಕಿವಿಗೆ, “ನಾನಾಯ್, ಇವಳಿಗೆ ಎಷ್ಟು ವರ್ಷ ಕಾಯ್ಬೇಕು ಅಂತ ಎಣಿಸಿದೆ” ಎಂದಳು. “ಈಗಷ್ಟೇ. ಇಲ್ಲೇ ಕೂತ್ಕೊಂಡು.”

ಮುದುಕಿ ಉಸಿರೆಳೆದುಕೊಂಡದ್ದು ಕೇಳಿಸಿತು. ಕೈ ಎತ್ತಿದ್ದು ಮೈಗೆ ಗೊತ್ತಾಯಿತು. ಆ ಕೈ ಬಂದು ಅವಳ ಬೆನ್ನ ಮೇಲೆ ಬಿತ್ತು, ಹೊಡೆತವೂ ಅಲ್ಲ, ನೇವರಿಕೆಯೂ ಅಲ್ಲ, ಬಾಗಿಲು ಗಾಳಿಗೆ ತೆರೆಯದಂತೆ ಒತ್ತಿ ಹಿಡಿದ ಹಾಗೆ.

“ನಂಗ್ಯಾಕೆ ಹೇಳ್ತೀಯ. ನನ್ನ ಮುಖದ ಕೆಲಸ ಮುಗೀತು. ಅವಳಿಗೆ ಹೇಳು. ಯಾರ ಕೈಗೆ ಮುಖ ಕೊಡ್ಬಾರ್ದು ಅಂತ ಆ ಮಗೂಗೆ ಗೊತ್ತಿರ್ಬೇಕು.”

“ಏನ್ ಗುಸುಗುಸು?” ಎಂದಳು ಜೋವಿ. ಕೆಳಗಿನ ಮೆಟ್ಟಿಲ ಮೇಲೆ ಚೀಲ ಇಳಿಸಿ ಕೂತು, ಬಾಳೆಹಣ್ಣು ಕಚ್ಚಿ, ಅಜ್ಜಿಯನ್ನೂ ತಾಯಿಯನ್ನೂ ಸರದಿಯ ಮೇಲೆ ನೋಡಿದಳು.

ಮೆರ್ಲಿಂದಾ ಕಣ್ಣು ತೆರೆದಳು. “ಜೋವಿ, ನಾನು ಯಾವತ್ತಾದ್ರೂ ನಿನ್ನ ಮುಂದೆ ಫೋನ್ ಹಿಡಿದು ಕಣ್ಣು ಮಿಟುಕಿಸು ಅಂದ್ರೆ, ಮಿಟುಕಿಸ್ಬೇಡ.”

ಹುಡುಗಿ ನಕ್ಕಳು. ಅಜ್ಜಿ ನಗಲಿಲ್ಲ ಎಂಬುದನ್ನು ನೋಡಿ ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕಡ್ಡಿಯ ತುದಿಯಿಂದ ಪಾಕ ಅವಳ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

“ಯಾಕೆ ಮಾ?”

ಬೆಂಚಿನ ಮೇಲಿನವರು ಇನ್ನೂ ಈ ಕಡೆಗೇ ನೋಡುತ್ತಿದ್ದರು. ಒಳಗೆ ಹೋಗಿ ಹೇಳೋಣ ಎಂದುಕೊಂಡಳು ಮೆರ್ಲಿಂದಾ, ರಾತ್ರಿ ಹೇಳೋಣ, ಲಂಗ ಮುಗಿಸಿ ನಾಳೆ ಹೇಳೋಣ. ನಾಳೆ ಎಂಬುದು ಬಾಯಲ್ಲಿ ಸಿಹಿಯಾಗಿ ಕರಗತೊಡಗಿದ್ದೇ ಅವಳು ಗಾಬರಿಯಾಗಿ, ಯಾವ ಮಾತಿನಿಂದ ಹಿಡಿಯಬೇಕೆಂದು ತಿಳಿಯದೆಯೇ, ಅಲ್ಲೇ ಬೀದಿಯ ಬೆಳಕಿನಲ್ಲಿ, ಮಗಳ ಮುಖವನ್ನೇ ನೋಡುತ್ತ, ಶುರುಮಾಡಿದಳು.